ತೋಳಿಗೆ ಬಿಗಿದ ಪಟ್ಟಿ

ನಲ್ಲಿ ಮಾರುವವನ ಕೈಗೆ ರೈಫಲ್ ಸಿಕ್ಕರೆ ಅದಕ್ಕೂ ಒಂದು ನಲ್ಲಿ ಜೋಡಿಸದೆ ಬಿಡುತ್ತಾನೆಯೇ ಎಂದುಕೊಂಡರು ಡ್ರಾಯಿಂಗ್ ಮೇಷ್ಟರು. ಮಾವನ ಮನೆಯ ಹಿಂದಿನ ಅಂಗಳಕ್ಕೆ ಇನ್ನೂ ಬಿಸಿಲು ಇಳಿದಿರಲಿಲ್ಲ. ಅವರ ಷಡ್ಡಕ, ಹೆಂಡತಿಯ ತಂಗಿಯ ಗಂಡ, ಬಚ್ಚಲುಮನೆ ಸಾಮಾನಿನ ದೊಡ್ಡ ಅಂಗಡಿಯ ಯಜಮಾನ, ಕಲ್ಲುಬೆಂಚಿನ ಮೇಲೆ ಕಾಲಗಲಿಸಿ ಕೂತು, ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಹಾಕಿಕೊಂಡು, ಹೊಸ ರೈಫಲ್ಲಿನ ನಳಿಗೆಯ ಕೆಳಗಿನ ಮರಕ್ಕೆ ಗೇಣುದ್ದದ ಕಪ್ಪು ಹಿಡಿಕೆಯೊಂದನ್ನು ತಿರುಗಿಸಿ ಕೂರಿಸುತ್ತಿದ್ದ. ಎಡಗೈ ಮುಷ್ಟಿಯಲ್ಲಿ ಹಿಡಿದುಕೊಳ್ಳಲು ಅನುಕೂಲವಂತೆ. ಮುಷ್ಟಿಯಲ್ಲಿ ಹಿಡಿಯಲು ಇದೇನು ಪೊರಕೆಯೇ? ಕೋವಿಯ ಮರವನ್ನು ಅಂಗೈ ಮೇಲೆ ಸುಮ್ಮನೆ ಮಲಗಿಸಿಕೊಳ್ಳಬೇಕು, ನಿದ್ದೆ ಮಾಡುವ ಕೂಸಿನ ತಲೆಯನ್ನು ಮಲಗಿಸಿಕೊಂಡ ಹಾಗೆ. ಹಿಡಿದರೆ ಕೆಟ್ಟಿತು. ಇದನ್ನು ಮೇಷ್ಟರು ಇವನಿಗೆ ಕಳೆದ ವರ್ಷವೂ ಹೇಳಿದ್ದರು, ಅದರ ಹಿಂದಿನ ವರ್ಷವೂ ಹೇಳಿದ್ದರು. ಅವನು ಪ್ರತಿ ಸಲವೂ ಹೊಸದಾಗಿ ಕೇಳಿದವನಂತೆ ತಲೆ ಆಡಿಸಿದ್ದ. ದಪ್ಪ ಚರ್ಮದವರಿಗೆ ಒಂದು ಸುಖವಿದೆ, ಅವರಿಗೆ ಅವಮಾನ ಮಾಡುವುದಕ್ಕೂ ಆಗುವುದಿಲ್ಲ.

ಮೇಷ್ಟರ ರೈಫಲ್ಲಿಗೆ ಯಾವ ಅಲಂಕಾರವೂ ಇರಲಿಲ್ಲ. ಗುರಿ ನೋಡಲು ಒಂದು ದುರ್ಬೀನು, ಒಂದು ತೊಗಲಿನ ಪಟ್ಟಿ, ಅಷ್ಟೇ. ಉಳಿದವರು ಆ ಪಟ್ಟಿಯಿಂದ ಕೋವಿಯನ್ನು ಹೆಗಲಿಗೆ ನೇತುಹಾಕಿಕೊಂಡು ಓಡಾಡುತ್ತಾರೆ. ಮೇಷ್ಟರು ಅದನ್ನು ಎಡದೋಳಿಗೆ ಸುತ್ತಿ, ಬಕ್ಕಲ್ ಹಾಕಿ, ಮೊಣಕೈಯನ್ನು ಮೊಣಕಾಲಿಗೆ ಊರಿ ಕೂತರೆಂದರೆ ಕೋವಿ, ತೋಳು, ಎದೆ ಎಲ್ಲ ಒಂದೇ ಮರದಿಂದ ಕೆತ್ತಿದ ಹಾಗೆ ನಿಂತುಬಿಡುತ್ತಿತ್ತು. ‘ನಮ್ಮ ದೊಡ್ಡಳಿಯಂದ್ರ ಕೈ’ ಎಂದು ಮಾವ ಹೇಳಿದಾಗ ಊಟದ ಮೇಜಿನಲ್ಲಿ ಬೇರೆ ಮಾತು ನಿಲ್ಲುತ್ತಿತ್ತು. ಆ ಮನೆಯಲ್ಲಿ ಮೇಷ್ಟರಿಗೆ ಇದ್ದ ಆಸ್ತಿ ಅದೊಂದೇ. ಷಡ್ಡಕನಿಗೆ ಅಂಗಡಿ ಇತ್ತು, ಕಾರು ಇತ್ತು, ಮಾವನ ಮನೆಯ ಬಚ್ಚಲಿಗೆ ಬಿಟ್ಟಿಯಾಗಿ ಹಾಕಿಸಿಕೊಟ್ಟ ಬಿಸಿನೀರಿನ ಯಂತ್ರ ಇತ್ತು, ಅತ್ತೆಯನ್ನು ನಗಿಸುವ ಬಾಯಿ ಇತ್ತು. ಮೇಷ್ಟರಿಗೆ ನಡುಗದ ಕೈ ಇತ್ತು. ಈಗ ಅದೂ ನಡುಗುತ್ತಿತ್ತು.

ಯಾವಾಗ ಶುರುವಾಯಿತೆಂದು ಕೇಳಿದರೆ ಅವರು ಹೇಳಲಾರರು, ಯಾರೂ ಕೇಳಿರಲಿಲ್ಲ. ಎಡಗೈಗೆ ಮೊದಲು ಬಂತು, ಆಮೇಲೆ ಬಲಗೈಗೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಒಂದೇ ಬೀಸಿನಲ್ಲಿ ವೃತ್ತ ಬರೆಯುವುದು ಅವರ ಹಳೆಯ ಜಂಭ. ಒಂದು ದಿನ ಆ ವೃತ್ತದ ಹೊಟ್ಟೆ ಜೋತುಬಿತ್ತು. ಹಿಂದಿನ ಬೆಂಚಿನಲ್ಲಿ ಒಬ್ಬಳು ‘ಬದನೆಕಾಯಿ’ ಎಂದಳು, ಮೆಲ್ಲಗೆ, ಆದರೆ ಇಡೀ ತರಗತಿ ಅದಕ್ಕಾಗಿಯೇ ಕಾದಿದ್ದ ಹಾಗೆ ನಕ್ಕಿತು. ಮೇಷ್ಟರು ತಾವೇ ಬೇಕೆಂದು ಬರೆದವರ ಹಾಗೆ ಅದಕ್ಕೊಂದು ತೊಟ್ಟು, ಎರಡು ಎಲೆ ಸೇರಿಸಿ ಇವತ್ತಿನ ಪಾಠ ಬದನೆಕಾಯಿ ಎಂದರು. ಎಂಥ ಜಾಣತನ! ಮನೆಗೆ ಬರುವ ದಾರಿಯುದ್ದಕ್ಕೂ ತಮ್ಮ ಮುಖಕ್ಕೆ ತಾವೇ ಉಗಿದುಕೊಂಡಿದ್ದರು. ಹೆಂಡತಿ ತರುವ ಕಾಫಿ ಲೋಟ ಈಗ ಅರ್ಧಕ್ಕೆ ಮಾತ್ರ ತುಂಬಿ ಬರುತ್ತಿತ್ತು. ಮೊದಲು ಹಾಲು ಕಡಮೆಯಾಗಿರಬಹುದು ಎಂದುಕೊಂಡರು. ಹಾಲು ಬೇಕಾದಷ್ಟಿತ್ತು. ಚೆಲ್ಲದಿರಲಿ ಎಂದು ಅರ್ಧ ತುಂಬಿಸಿ, ಕುಡಿದಾದ ಮೇಲೆ ಬೇರೇನೋ ಕೆಲಸಕ್ಕೆ ಬಂದವಳಂತೆ ಬಂದು ಇನ್ನರ್ಧ ಹಾಕಿ ಹೋಗುತ್ತಿದ್ದಳು. ಆ ದಯೆಗೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಅರ್ಧ ಲೋಟಕ್ಕೆ ಏನೆಂದು ಜಗಳ ಮಾಡುವುದು?

‘ಭಾವ, ಇದು ಅಲ್ಲಾಡಲ್ಲ ನೋಡಿ ಈಗ’ ಎಂದು ಷಡ್ಡಕ ರೈಫಲ್ಲನ್ನು ಎತ್ತಿ ತೋರಿಸಿದ. ಮೇಷ್ಟರು ನೋಡಿದರು. ‘ನೀರು ಬರುತ್ತಾ?’ ಎಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಬೇಕರಿಯವನು, ಈ ಬೇಟೆಯ ಗುಂಪಿನ ಮೂರನೆಯವನು, ಹೊಟ್ಟೆ ಹಿಡಿದುಕೊಂಡು ನಕ್ಕ. ಷಡ್ಡಕನೂ ನಕ್ಕ, ಎಲ್ಲರಿಗಿಂತ ಹೆಚ್ಚು. ಮಾವ ಮಾತ್ರ ನಗಲಿಲ್ಲ. ಅವರು ಕೋಲೂರಿಕೊಂಡು ಅಂಗಳಕ್ಕೆ ಇಳಿದು, ಪ್ರತಿ ವರ್ಷದ ಮೊದಲ ದಿನ ಹೇಳುವುದನ್ನು ಮತ್ತೆ ಹೇಳಿದರು. ಹೊಲಕ್ಕೆ ನುಗ್ಗುವ ಹಂದಿಯನ್ನು ಹೊಡೆಯಲು ಪರವಾನಗಿ ಇದೆ, ನರಳಿಸಲು ಇಲ್ಲ. ಹೊಟ್ಟೆಗೆ ಹೊಡೆದು ಒದ್ದಾಡಿಸಿದವನು ತನ್ನ ಕೋವಿಯನ್ನು ಅವರ ಬೀರುವಿಗೆ ಕೊಟ್ಟು, ಮಿಕ್ಕ ದಿನಗಳಲ್ಲಿ ತಗಡಿನ ಡಬ್ಬ ಬಡಿಯುತ್ತ ಪೊದೆಯಿಂದ ಹಂದಿ ಎಬ್ಬಿಸುವವರ ಜೊತೆ ನಡೆಯಬೇಕು. ಯಾರೇ ಆಗಲಿ. ಒಮ್ಮೆ ತಾವೇ ಹಾಗೆ ಡಬ್ಬ ಬಡಿದದ್ದುಂಟು ಎಂದು ಸೇರಿಸಿದರು, ಅದನ್ನು ಪ್ರತಿ ವರ್ಷವೂ ಸೇರಿಸುತ್ತಿದ್ದರು. ಆಮೇಲೆ ದೊಡ್ಡಳಿಯನ ಕಡೆ ತಿರುಗಿ, ಚಿಕ್ಕಳಿಯಂದ್ರನ್ನು ನಿಮ್ಮ ಜೊತೆಗೇ ಒಂದೇ ಮರೆಯಲ್ಲಿ ಕೂರಿಸಿಕೊಳ್ಳಿ, ಮೊದಲ ಗುಂಡು ಅವರದಿರಲಿ, ಕೈ ಪಳಗಲಿ ಎಂದರು. ಮೇಷ್ಟರು ಆಗಲಿ ಮಾವ ಎಂದರು. ಡಬ್ಬ ಹಿಡಿದುಕೊಂಡು ನಡೆಯುವ ತಮ್ಮ ಚಿತ್ರ ಅವರ ಕಣ್ಣಿಗೆ ಕಟ್ಟಿತು. ಹಿಂದೆಯೇ ಕಾರಿನಲ್ಲಿ ಕೂತು ಹಲ್ಲು ಕಿರಿಯುವ ಷಡ್ಡಕ, ಬೇಕರಿಯವನ ಅಂಗಡಿಯಲ್ಲಿ ಈ ಸುದ್ದಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಸುದ್ದಿ.

ಮರೆ ಎಂದರೆ ಹೊಲದ ಅಂಚಿನಲ್ಲಿ ಸೊಪ್ಪು ಚುಚ್ಚಿದ ಬಿದಿರಿನ ಗೋಡೆ, ಅದರ ಹಿಂದೆ ಎರಡು ಮಣೆ. ಷಡ್ಡಕ ಕೂತ ಮಣೆ ಕಿರ್ ಎಂದಿತು. ಅವನು ಉಸಿರಾಡುವುದೂ ಕೇಳುತ್ತಿತ್ತು. ಹಂದಿ ಬರುವುದಿದ್ದರೆ ಇವನ ಉಸಿರು ಕೇಳಿಯೇ ಇನ್ನೊಂದು ಜಿಲ್ಲೆಗೆ ಹೋಗಿರುತ್ತದೆ ಎಂದು ಮೇಷ್ಟರು ಲೆಕ್ಕ ಹಾಕಿದರು. ಅವನಿಗೆ ಮಾತ್ರ ಕಲಿಯುವ ಹುಮ್ಮಸ್ಸು. ಪಟ್ಟಿಯನ್ನು ತೋಳಿಗೆ ಹಾಕುವುದೋ ಮೊಣಕೈಗೋ ಎಂದು ಪಿಸುಗುಟ್ಟಿದ. ಮೇಷ್ಟರು ಹಲಗೆಯ ಮುಂದೆ ನಿಂತ ದನಿಯಲ್ಲಿ, ದಡ್ಡರಿಗೆ ಹೇಳುವಾಗ ತಾನಾಗಿ ಬರುವ ಆ ನಿಧಾನದಲ್ಲಿ ಹೇಳಿದರು. ತೋಳಿನ ಮೇಲ್ಭಾಗಕ್ಕೆ, ಹೆಗಲ ಹತ್ತಿರಕ್ಕೆ. ಒಳಮಗ್ಗುಲಲ್ಲಿ ನಾಡಿ ಬಡಿಯುವ ಕಡೆ ಕೂರಿಸಬಾರದು, ಕೂರಿಸಿದರೆ ಎದೆಬಡಿತವೆಲ್ಲ ಪಟ್ಟಿಯ ಮೂಲಕ ನಳಿಗೆಗೆ ಹೋಗುತ್ತದೆ. ಬಿಗಿ ಇರಬೇಕು, ಆದರೆ ಉಸಿರು ಕಟ್ಟುವಷ್ಟಲ್ಲ. ವಿಪರೀತ ಬಿಗಿದರೆ ಪಟ್ಟಿ ಕೋವಿಯ ಮರವನ್ನು ಎಳೆದು ನಳಿಗೆಗೆ ತಾಗಿಸುತ್ತದೆ, ಆಗ ಗುಂಡು ನೀವು ನೋಡಿದ ಕಡೆ ಹೋಗುವುದಿಲ್ಲ, ಪಟ್ಟಿ ಎಳೆದ ಕಡೆ ಹೋಗುತ್ತದೆ. ‘ಅಬ್ಬಬ್ಬಾ’ ಎಂದ ಷಡ್ಡಕ, ‘ಅದಕ್ಕೇ ಭಾವ ನಾನು ಹಿಡಿಕೆ ಹಾಕ್ಕೊಂಡಿರೋದು. ಇಷ್ಟೆಲ್ಲ ನನ್ನ ತಲೆಗೆ ಹೋಗಲ್ಲ.’ ಹೋಗುವುದಾದರೂ ಎಲ್ಲಿಂದ, ಸಂದು ಎಲ್ಲಿದೆ ಎಂದು ಮೇಷ್ಟರು ಬಾಯಲ್ಲಿ ಹೇಳಲಿಲ್ಲ, ಮುಖದಲ್ಲಿ ಹೇಳಿದರು.

ಹೇಳುತ್ತಿರುವಾಗಲೇ ಅವರ ಕೈ ಪಟ್ಟಿಯನ್ನು ಇನ್ನೊಂದು ತೂತಿಗೆ ಎಳೆದುಕೊಂಡಿತ್ತು. ನಡುಕವನ್ನು ಹೇಗಾದರೂ ಕಟ್ಟಿಹಾಕಬೇಕಿತ್ತು. ಒಂದು ತೂತಿಗೆ ಹಾಕಿದರೆ ದುರ್ಬೀನಿನೊಳಗಿನ ಗುರಿಯ ಕತ್ತರಿಗೆರೆ ಗಾಳಿಗೆ ಸಿಕ್ಕ ದಾರದಂತೆ ತೂಗಾಡುತ್ತಿತ್ತು. ಮುಂದಿನ ತೂತಿಗೆ ಹಾಕಿದಾಗ ತುಸು ಕಡಮೆಯಾಯಿತು. ಅದರ ಮುಂದಿನದಕ್ಕೆ ಹಲ್ಲು ಕಚ್ಚಿ ಎಳೆದಾಗ ನಡುಕ ನಿಂತೇಹೋಯಿತು. ನಿಂತಿತು! ತೋಳು ಮರಗಟ್ಟುತ್ತಿತ್ತು, ಬೆರಳ ತುದಿ ಊದಿದ ಹಾಗಿತ್ತು, ಆದರೆ ಗೆರೆ ನಿಂತಿತ್ತು. ಕಳೆದ ವಾರ ಗುರಿ ಸರಿಯಿದೆಯೇ ಎಂದು ನೋಡಿದ್ದು ಮರಳಚೀಲದ ಮೇಲೆ ಕೋವಿಯನ್ನು ಮಲಗಿಸಿ, ಪಟ್ಟಿಯನ್ನು ಸಡಿಲವಾಗಿ ಜೋತುಬಿಟ್ಟು. ಅದು ಅವರಿಗೆ ನೆನಪಿರಲಿಲ್ಲವೆಂದಲ್ಲ. ಮರಳಚೀಲಕ್ಕೆ ಕೈ ಬೇಕಾಗಿರಲಿಲ್ಲ, ಅದಕ್ಕೇ ಮರಳಚೀಲ. ಗುಂಡುಗಳೆಲ್ಲ ಒಂದೇ ತೂತಿನಲ್ಲಿ ಹಾದುಹೋಗಿದ್ದವು, ಅದನ್ನು ನೋಡಿ ಅವರು ಬಹಳ ದಿನಗಳ ಮೇಲೆ ಶಿಳ್ಳೆ ಹಾಕುತ್ತ ಮನೆಗೆ ಬಂದಿದ್ದರು. ಯಾರನ್ನು ಮೋಸ ಮಾಡಲು ಆ ಶಿಳ್ಳೆ? ಹೆಂಡತಿಯನ್ನೇ? ಅವಳು ಅಂದೂ ಅರ್ಧ ಲೋಟವನ್ನೇ ತಂದಿಟ್ಟಿದ್ದಳು.

ದೂರದಲ್ಲಿ ಡಬ್ಬಗಳ ಸದ್ದು ಕೇಳಿತು. ಹೊಲದ ಆಚೆಯ ಪೊದೆ ಅಲುಗಿತು. ಹಂದಿ ಹೊರಬಂದಾಗ ಅದರಲ್ಲಿ ಯಾವ ಗಾಬರಿಯೂ ಇರಲಿಲ್ಲ, ತನ್ನದೇ ಜಮೀನು ನೋಡಲು ಬಂದ ಯಜಮಾನನಂತೆ ಬಂದು, ಬಲಕ್ಕೆ ಮುಖಮಾಡಿ ನಿಂತು, ಮಣ್ಣು ಮೂಸಿತು. ಷಡ್ಡಕ ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು, ಬಿದಿರಿನ ಅಡ್ಡಗಣೆಗೆ ಆ ಹಿಡಿಕೆಯನ್ನು ಒತ್ತಿ ಆನಿಸಿ, ಮೈಯೆಲ್ಲ ಕಲ್ಲು ಮಾಡಿಕೊಂಡು ಕೂತ. ಒಳ್ಳೆ ಕೊಳಾಯಿ ರಿಪೇರಿಗೆ ಕೂತ ಹಾಗೆ. ಹೊಡೆಯಲಿಲ್ಲ. ಕಾಯುತ್ತಿದ್ದ. ಏನನ್ನು ಕಾಯುತ್ತಿದ್ದಾನೆ, ಹಂದಿ ಹತ್ತಿರ ಬಂದು ನಮಸ್ಕಾರ ಹೇಳಲೆಂದೇ? ಇವನು ಹೀಗೇ ಕೂತಿರುತ್ತಾನೆ, ಹಂದಿ ಹೋಗುತ್ತದೆ, ಮಾವ ಕೇಳುತ್ತಾರೆ, ನೀವೇನು ಮಾಡುತ್ತಿದ್ದಿರಿ ದೊಡ್ಡಳಿಯಂದ್ರೆ ಎಂದು ಕೇಳುತ್ತಾರೆ. ಇಲ್ಲ, ಅದೆಲ್ಲ ಸುಳ್ಳು. ನಿಜವೇನೆಂದರೆ ಗೆರೆ ನಿಂತಿತ್ತು, ಈಗ ನಿಂತಿತ್ತು, ಇನ್ನೊಂದು ಗಳಿಗೆಗೆ ನಿಂತಿರುತ್ತದೋ ಇಲ್ಲವೋ ತಿಳಿಯದು. ನಿಂತಿರುವಾಗಲೇ ಹೊಡೆದುಬಿಡಬೇಕಿತ್ತು, ತಮ್ಮ ಕೈ ಇನ್ನೂ ತಮ್ಮದೇ ಎಂದು ಯಾರಿಗಾದರೂ ತೋರಿಸಬೇಕಿತ್ತು, ಕೊನೆಗೆ ಈ ನಲ್ಲಿಯವನಿಗಾದರೂ. ‘ನಿಮ್ಮಿಂದ ಆಗಲ್ಲ ಬಿಡಿ’ ಎಂದು ಗಂಟಲಲ್ಲೇ ಹೇಳಿ ಮೇಷ್ಟರು ದುರ್ಬೀನಿಗೆ ಕಣ್ಣಿಟ್ಟರು. ಆಗ ಗೆರೆ ಮತ್ತೆ ಅಲುಗತೊಡಗಿದ್ದು ಕಂಡಿತು. ಅದು ಆ ಹಳೆಯ ನಡುಕವಲ್ಲ. ಟಕ್, ಟಕ್ ಎಂದು ಒಂದೇ ಲಯದಲ್ಲಿ, ಹಂದಿಯ ಹೆಗಲಿನಿಂದ ಪಕ್ಕೆಗೆ, ಪಕ್ಕೆಯಿಂದ ಹೆಗಲಿಗೆ. ಅವರದೇ ಎದೆ. ಅಷ್ಟು ಹೊತ್ತಿಗೆ ಬೆರಳು ಟ್ರಿಗರ್ ಎಳೆದಾಗಿತ್ತು.

ಹಂದಿ ಕೂಗಿದ ಕೂಗನ್ನು ಅವರು ಮೊದಲು ಕೇಳಿರಲಿಲ್ಲ. ಇಷ್ಟು ವರ್ಷ ಅವರ ಹಂದಿಗಳು ಕೂಗದೆ ಸತ್ತಿದ್ದವು. ಇದು ಹಿಂಗಾಲಿನ ಮೇಲೆ ಕುಸಿದು, ಮುಂಗಾಲಿನಿಂದ ತನ್ನನ್ನು ತಾನೇ ಎಳೆದುಕೊಂಡು ಸುತ್ತ ತಿರುಗುತ್ತಿತ್ತು. ಹೊಟ್ಟೆಯ ಕೆಳಗೆ ಏನೋ ಜೋತಾಡುತ್ತಿತ್ತು. ಗುಂಡು ಹೋದದ್ದು ಎಡಕ್ಕೆ, ಕೆಳಕ್ಕೆ, ಪಟ್ಟಿ ಎಳೆದ ಕಡೆಗೆ. ಇನ್ನೊಂದು ತೋಟಾ ತುಂಬಲು ಮೇಷ್ಟರು ಕೈ ಎತ್ತಬೇಕೆಂದುಕೊಂಡರು, ಎಡಗೈಯ ಬೆರಳುಗಳು ಅವರ ಮಾತು ಕೇಳಲಿಲ್ಲ, ಬಲಗೈಯ ಬೆರಳುಗಳು ತೋಟಾವನ್ನು ಹಿಡಿದು ಹುಲ್ಲಿಗೆ ಬೀಳಿಸಿದವು. ಬಗ್ಗಿ ಹುಡುಕಿದರು. ಹಂದಿ ಕೂಗುತ್ತಿತ್ತು, ಮೇಷ್ಟರು ಹುಲ್ಲು ತಡಕುತ್ತಿದ್ದರು. ಆಗ ಪಕ್ಕದಲ್ಲಿ ಇನ್ನೊಂದು ಗುಂಡು ಸಿಡಿಯಿತು, ಕೂಗು ಅರ್ಧಕ್ಕೇ ನಿಂತಿತು. ತಲೆಯೆತ್ತಿದಾಗ ಷಡ್ಡಕ ಕೋವಿಯನ್ನು ಕೆಳಗಿಳಿಸಿ, ಮುಖ ಬಿಳಿಚಿಕೊಂಡು, ತನ್ನ ಹಿಡಿಕೆಯನ್ನು ಇನ್ನೂ ಮುಷ್ಟಿಯಲ್ಲಿ ಹಿಡಿದೇ ನಿಂತಿದ್ದ. ಹಂದಿಯ ಕಿವಿಯ ಹಿಂದೆ ಒಂದು ಸಣ್ಣ ತೂತಿತ್ತು. ಅದೂ ಆಕಸ್ಮಿಕ, ಹಿಡಿಕೆ ಹಾಕಿಕೊಂಡವರಿಗೂ ಒಮ್ಮೊಮ್ಮೆ ಅದೃಷ್ಟ ಒದಗುತ್ತದೆ ಎಂದುಕೊಳ್ಳಲು ಮೇಷ್ಟರಿಗೆ ಆ ಹೊತ್ತಿನಲ್ಲೂ ಸಾಧ್ಯವಾಯಿತು. ಇಬ್ಬರೂ ಹೊಲ ದಾಟಿದರು.

ಮಾವ, ಬೇಕರಿಯವನು, ಡಬ್ಬದವರು ಎಲ್ಲ ಬಂದು ಸುತ್ತ ನಿಂತಾಗ ಯಾರೂ ಹುಬ್ಬೇರಿಸಲಿಲ್ಲ. ಎರಡು ಗುಂಡಿನ ಸದ್ದನ್ನು ಎಲ್ಲರೂ ಕೇಳಿದ್ದರು, ಎರಡು ಗಾಯ ಎಲ್ಲರಿಗೂ ಕಾಣುತ್ತಿತ್ತು, ಮೊದಲ ಗುಂಡು ಚಿಕ್ಕವರದಿರಲಿ ಎಂದು ಮಾವ ಎಲ್ಲರೆದುರೇ ಹೇಳಿದ್ದರು. ಮಾವ ಕೋಲಿನ ತುದಿಯಿಂದ ಹೊಟ್ಟೆಯ ಗಾಯದ ಸುತ್ತ ನೊಣ ಓಡಿಸಿದರು. ಅವರಿಗೆ ಆ ಪ್ರಾಣಿಯ ಬಗ್ಗೆ ನಿಜವಾಗಿಯೂ ದುಃಖವಾಗಿತ್ತು, ಅದು ಅವರ ದವಡೆಯಲ್ಲಿ ಕಾಣುತ್ತಿತ್ತು.

‘ಇದು ಯಾರದು?’ ಎಂದು ಕೇಳಿದರು. ಕೇಳಿದ್ದು ಇಬ್ಬರನ್ನೂ, ನೋಡಿದ್ದು ಒಬ್ಬನನ್ನೇ.

ಮೇಷ್ಟರು ಬಾಯಿ ತೆರೆದದ್ದು ನಿಜ. ಹೇಳಲು ತೆರೆದರೋ, ಉಸಿರಿಗೆ ತೆರೆದರೋ ಅದು ಅವರಿಗೇ ತಿಳಿಯದು, ಮುಂದೆ ಎಷ್ಟೋ ಸಲ ಆ ಕ್ಷಣವನ್ನು ತಮಗೆ ಅನುಕೂಲವಾಗುವ ಹಾಗೆ ತಿದ್ದಿ ಬರೆದುಕೊಳ್ಳುತ್ತಾರೆ ಎಂಬುದಷ್ಟೇ ಅವರಿಗೆ ಆಗಲೇ ತಿಳಿದಿತ್ತು.

‘ನಂದೇ ಮಾವ’ ಎಂದ ಷಡ್ಡಕ. ‘ಹಂದಿ ನೋಡಿದ ತಕ್ಷಣ ಕೈ ಕಾಲು ಆಡ್ಲಿಲ್ಲ. ಭಾವ ಇದ್ರು, ಸರಿಹೋಯ್ತು.’

ಇಷ್ಟು ಸಲೀಸಾಗಿ ಸುಳ್ಳು ಹೇಳುವವನು ಅಂಗಡಿಯಲ್ಲಿ ಇನ್ನೆಷ್ಟು ಹೇಳುತ್ತಾನೋ ಎಂಬ ಯೋಚನೆ ಮೊದಲು ಬಂತು. ಅದಾದ ಮೇಲೆ ನಾಚಿಕೆ ಬಂತು, ಕಿವಿಯವರೆಗೂ ಬಿಸಿಯಾಗಿ. ಈಗಲೂ ಹೇಳಬಹುದಿತ್ತು. ಇಲ್ಲ ಮಾವ, ನನ್ನದು ಎಂದು ಮೂರು ಪದ. ಸಮಯ ಬೇಕಾದಷ್ಟಿತ್ತು. ಮಾವ ನಿಟ್ಟುಸಿರು ಬಿಟ್ಟು ಕೈ ಚಾಚುವಷ್ಟು, ಷಡ್ಡಕ ರೈಫಲ್ಲಿನಿಂದ ಖಾಲಿ ತೋಟಾ ತೆಗೆದು ಎರಡೂ ಕೈಯಲ್ಲಿ ಅದನ್ನು ಒಪ್ಪಿಸುವಷ್ಟು, ಬೇಕರಿಯವನು ಆ ಕಪ್ಪು ಹಿಡಿಕೆಯನ್ನು ತಟ್ಟಿ ‘ನೀರು ಬಂತು ನೋಡಿ’ ಎಂದು ಮೇಷ್ಟರದೇ ಹಾಸ್ಯವನ್ನು ತನ್ನದು ಮಾಡಿಕೊಳ್ಳುವಷ್ಟು. ಡಬ್ಬದವರಲ್ಲೊಬ್ಬ ತನ್ನ ತಗಡನ್ನು ಷಡ್ಡಕನ ಕೈಗೆ ಕೊಟ್ಟ. ಆ ದಢೂತಿ ಮನುಷ್ಯ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತ. ಹೊಸ ರೈಫಲ್ಲಿಗಾಗಿ ಅವನು ಎಷ್ಟು ದಿನ ಕಾದಿದ್ದನೆಂದು, ಹೆಂಡತಿಯನ್ನು ಎಷ್ಟು ಪೂಸಿ ಹೊಡೆದಿದ್ದನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೇಷ್ಟರಿಗೆ ಅವನ ಮೇಲೆ ಸಿಟ್ಟು ಬಂತು. ಯಾರು ಕೇಳಿದ್ದರು ಇವನನ್ನು? ಬಿಸಿನೀರಿನ ಯಂತ್ರದ ಹಾಗೆ ಇದನ್ನೂ ಬಿಟ್ಟಿಯಾಗಿ ತಂದು ಹಾಕಿಬಿಟ್ಟನಲ್ಲ, ಇನ್ನು ಬದುಕಿರುವಷ್ಟು ದಿನ ಇದರ ಕೆಳಗೇ ನಿಂತು ಸ್ನಾನ ಮಾಡಬೇಕಲ್ಲ!

ಮಾವ ಹತ್ತಿರ ಬಂದು ಮೇಷ್ಟರ ಬೆನ್ನ ಮೇಲೆ ಕೈಯಿಟ್ಟರು. ನಿಮ್ಮ ಕೈ ಇದ್ದದ್ದಕ್ಕೆ ಆ ಜೀವ ಬೇಗ ಬಿಡುಗಡೆಯಾಯಿತು ಎಂದರು. ಆ ಮಾತಿಗೆ ಮೇಷ್ಟರು ಎಷ್ಟು ಆಸೆಯಿಂದ ಕಾದಿದ್ದರು, ಈಗ ಅದನ್ನು ಹಳಸಿದ ಅನ್ನದಂತೆ ನುಂಗಿದರು. ಮಾವ ಅಷ್ಟಕ್ಕೆ ಬಿಡಲಿಲ್ಲ. ಬಂದವರೆಲ್ಲ ಇದ್ದಾರೆ, ಬಿಸಿ ಇರುವಾಗಲೇ ಕಲಿಸಿದರೆ ಮನಸ್ಸಿಗೆ ನಾಟುತ್ತದೆ, ಚಿಕ್ಕವರಿಗೆ ಪಟ್ಟಿ ಹೇಗೆ ಕಟ್ಟಬೇಕೆಂದು ಇಲ್ಲೇ ಒಂದು ಸಲ ತೋರಿಸಿಕೊಟ್ಟುಬಿಡಿ ಎಂದರು. ಎಲ್ಲರೂ ಸುತ್ತ ಸರಿದು ಜಾಗ ಮಾಡಿದರು, ಶಾಲೆಯಲ್ಲಿ ಮಕ್ಕಳು ಮಾಡುತ್ತಾರಲ್ಲ, ಹಾಗೆ. ಷಡ್ಡಕ ಡಬ್ಬವನ್ನು ನೆಲದ ಮೇಲಿಟ್ಟು, ಅಂಗಿಯ ತೋಳು ಮಡಿಸಿ, ಎಡಗೈ ಚಾಚಿದ.

ಮೇಷ್ಟರು ತಮ್ಮ ಪಟ್ಟಿಯನ್ನು ತೋಳಿನಿಂದಲೂ ಕೋವಿಯಿಂದಲೂ ಬಿಚ್ಚಿಕೊಂಡಿದ್ದರು. ತೋಳಿನ ಮೇಲೆ ಅದು ಕೂತಿದ್ದ ಜಾಗ ನೀಲಿಗಟ್ಟಿತ್ತು, ರಕ್ತ ಬೆರಳಿಗೆ ವಾಪಸು ಬರುತ್ತ ಚುಚ್ಚುತ್ತಿತ್ತು, ಅದರ ಜೊತೆಗೇ ನಡುಕವೂ ವಾಪಸು ಬಂದಿತ್ತು, ಮೊದಲಿಗಿಂತ ಹೆಚ್ಚಾಗಿ, ಕಟ್ಟಿಹಾಕಿದ್ದಕ್ಕೆ ಸೇಡು ತೀರಿಸಿಕೊಳ್ಳುವಂತೆ. ಪಟ್ಟಿಯನ್ನು ಅವನ ತೋಳಿನ ಸುತ್ತ ತಂದರು. ಬಕ್ಕಲ್ಲಿನ ಮುಳ್ಳು ತೂತಿನ ಎಡಕ್ಕೆ ತಾಗಿತು, ಬಲಕ್ಕೆ ತಾಗಿತು. ತೊಗಲಿನ ತುದಿ ಎಲ್ಲರೆದುರು ಎಲೆಯ ಹಾಗೆ ಅಲುಗಾಡತೊಡಗಿತು. ಬೇಕರಿಯವನು ಕತ್ತು ಮುಂದೆ ಚಾಚಿದ. ಮಾವ ಕನ್ನಡಕ ಸರಿಮಾಡಿಕೊಂಡರು.

ಆಗ ಷಡ್ಡಕ ತನ್ನ ದಪ್ಪ ತೋಳನ್ನು ಮೈಗೆ ಅವುಚಿಕೊಂಡ. ಮೇಷ್ಟರ ಕೈ, ಪಟ್ಟಿ, ಬಕ್ಕಲ್ ಎಲ್ಲ ಆ ತೋಳಿಗೂ ಪಕ್ಕೆಗೂ ನಡುವೆ ಸಿಕ್ಕಿಕೊಂಡು, ಬೆಚ್ಚಗೆ, ಭದ್ರವಾಗಿ ನಿಂತವು. ನಡುಗಲು ಅಲ್ಲಿ ಜಾಗವೇ ಇರಲಿಲ್ಲ. ಅವನು ಒತ್ತಿ ಹಿಡಿದೇ ಇದ್ದ. ಅವನ ಮುಖ ಮೇಷ್ಟರ ಮುಖಕ್ಕೆ ಎಷ್ಟು ಹತ್ತಿರವಿತ್ತೆಂದರೆ ಈ ನಡುಕವನ್ನು ಅವನು ಯಾವಾಗಿನಿಂದ ಬಲ್ಲ ಎಂಬುದು ಕೇಳದೆಯೇ ಕಾಣುತ್ತಿತ್ತು, ಇಂದಿನಿಂದಲ್ಲ, ನಿನ್ನೆಯಿಂದಲೂ ಅಲ್ಲ.

‘ಹೀಗಾ ಭಾವ?’ ಎಂದು ಅವನು ಎಲ್ಲರಿಗೂ ಕೇಳುವಂತೆ, ಏನೂ ಅರಿಯದ ವಿದ್ಯಾರ್ಥಿಯ ದನಿಯಲ್ಲಿ ಕೇಳಿದ.

ಎಲ್ಲರೂ ಮೇಷ್ಟರ ಮಾತಿಗೆ ಕಾದಿದ್ದರು. ಅವನ ಕಂಕುಳೊಳಗೆ ಅವರ ಬೆರಳುಗಳು ಒಂದನ್ನೊಂದು ಹಿಡಿದುಕೊಂಡು ಸುಮ್ಮನಿದ್ದವು.

‘ಹಾಗಲ್ಲ ಕಣ್ರೀ’ ಎಂದರು ಮೇಷ್ಟರು, ಹಲಗೆಯ ಮುಂದಿನ ತಮ್ಮ ಆ ದನಿಯಲ್ಲಿ. ‘ಎಷ್ಟು ಸಲ ಹೇಳಬೇಕು ನಿಮಗೆ?’

ಎಲ್ಲರೂ ನಕ್ಕರು. ಷಡ್ಡಕನೂ ನಕ್ಕ, ಕೈ ಬಿಡಲಿಲ್ಲ.